ನಾಲ್ಕನೇ ಹೊಲಿಗೆ

ಇಪ್ಪತ್ತಾರು ವರ್ಷದಿಂದ ಆ ಸಿನಿಮಾ ಹಾಲು ಗುಡಿಸುತ್ತಿದ್ದ ಅಕ್ಕನಿಗೆ ಕುರ್ಚಿಗಳ ನಡುವೆ ನಿಂತು ಪರದೆಯ ಹಿಂದಿನ ಇಟ್ಟಿಗೆ ಗೋಡೆ ಕಂಡದ್ದು ಅದೇ ಮೊದಲು. ಬೆಳಗ್ಗೆ ಎಂಟು ಗಂಟೆ. ಬಾಗಿಲು ತೆಗೆದಳು. ಹೊರಗಿನ ಬೆಳಕು ಒಳಗೆ ಬಿತ್ತು. ಬಿಳಿ ಪರದೆ ನಡುಮಧ್ಯೆ ಮೇಲಿಂದ ಕೆಳಗಿನವರೆಗೆ ಎರಡಾಗಿ ನೇತಾಡುತ್ತಿತ್ತು. ಅಕ್ಕ ಪೊರಕೆ ಕೆಳಗಿಟ್ಟು ಮುಂದಿನ ಸಾಲಿನಲ್ಲಿ ಕೂತಳು. ಕೂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಯಜಮಾನಿಗೆ ಫೋನು ಮಾಡಿದಳು.

ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಬಂದರು. ಎರಡು ದಿನದಿಂದ ಬೂಟು ಬಿಚ್ಚದ ಹೆಂಗಸು. ಮೊನ್ನೆ ಮೆರವಣಿಗೆಯ ಬಂದೋಬಸ್ತು, ನಿನ್ನೆ ಬಸ್ ಅಪಘಾತ, ಇವತ್ತು ಹರಿದ ಪರದೆ. ಸಿನಿಮಾ ಎಂದರೆ ಅವರಿಗೆ ಅಷ್ಟಕ್ಕಷ್ಟೆ. ಕತ್ತಲೆ ಹಾಲಿನಲ್ಲಿ ಕೂತರೆ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತಿತ್ತು. ಈಗಲೂ ಸಾಲು ಸಾಲು ಮೆತ್ತನೆ ಕುರ್ಚಿ ಕಂಡು ಮೊದಲು ಬಂದ ಯೋಚನೆ ಅದೇ.

"ಕೇಸು ಸಲೀಸು, ಮೇಡಂ," ಎಂದ ಜೊತೆಗೆ ಬಂದ ಪೇದೆ. "ಈ ಜಾಗ ಕೊಳ್ಳೋಕೆ ಓಡಾಡ್ತಿದ್ದಾರಲ್ಲ, ಅವರದ್ದೇ ಕೆಲಸ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

"ಕನ್ನಡಿ ಬೇಡ. ಏಣಿ ತಗೊಂಡು ಬಾ."

ಏಣಿ ಪರದೆಯ ಹಿಂದೆ ತನ್ನ ಮಾಮೂಲಿ ಜಾಗದಲ್ಲೇ ಗೋಡೆಗೆ ಒರಗಿತ್ತು. ಪೇದೆ ಅದನ್ನು ಹಿಡಿದ. ಇನ್‌ಸ್ಪೆಕ್ಟರ್ ಹತ್ತಿ ಪರದೆಯ ಅಂಚಿನ ಮೇಲೆ ಬೆರಳಾಡಿಸಿದರು. ಎಳೆ ಕಿತ್ತ ಗುರುತಿಲ್ಲ. ಅಂಚಿನುದ್ದಕ್ಕೂ ಸೂಜಿಯ ತೂತುಗಳು, ಹಲ್ಲಿನ ಸಾಲಿನಂತೆ. ಇಳಿದು ಮಂಡಿಯೂರಿದರು. ನೆಲದ ಮೇಲೆ ದಪ್ಪ ದಾರದ ತುಂಡುಗಳು ಚೆಲ್ಲಿದ್ದವು. ಎಲ್ಲ ಎರಡೆರಡು ಅಂಗುಲ. ಒಂದು ಹಿಡಿ ತೆಗೆದು ಲಕೋಟೆಗೆ ಹಾಕಿಕೊಂಡರು. ಧೂಳಿನಲ್ಲಿ ಒಂದು ಜೊತೆ ಬೂಟಿನ ಹೆಜ್ಜೆಯೂ ಇತ್ತು. ಚೂಪು ಮೂತಿಯ, ಹೊಸ ಬೂಟು.

"ಇಲ್ಲಿ ದೀಪ ಇಲ್ವಾ?" ಎಂದು ಅಕ್ಕನನ್ನು ಕೇಳಿದರು.

"ಇದೆ ಮೇಡಂ, ಉರಿಯಲ್ಲ. ಬಲ್ಬು ಹೋಗಿ ನಾಲ್ಕು ದಿನ ಆಯ್ತು. ಮಷಿನ್ ಓಡಿಸೋ ಕಾರ್ಬನ್ ತಾತಂಗೆ ಹೇಳ್ದೆ. ಹಾಕ್ತೀನಿ ಅಂದ್ರು, ಹಾಕಲಿಲ್ಲ."

* * *

ಯಜಮಾನಿ ಟಿಕೆಟ್ ಕೌಂಟರಿನ ಹಿಂದಿನ ಕೋಣೆಯಲ್ಲಿದ್ದರು. ಐವತ್ತೆರಡರ ಹೆಂಗಸು. ಕೂದಲಿಗೆ ಒಂದು ರಬ್ಬರ್ ಬ್ಯಾಂಡು, ಕಣ್ಣ ಕೆಳಗೆ ಕಪ್ಪು. ಅತ್ತ ಹಾಗಿರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ.

"ನಮ್ಮಜ್ಜ ಕಟ್ಟಿದ್ದು," ಎಂದರು. "ಅದಕ್ಕೆ ಮುಂಚೆ ದವಸದ ಗೋದಾಮು. ಹಿಂದಿನವರಿಗೂ ಕಾಣಲಿ ಅಂತ ಬುಟ್ಟೀಲಿ ಮಣ್ಣು ಹೊತ್ತು ನೆಲ ಇಳಿಜಾರು ಮಾಡಿಸಿದ್ರಂತೆ. ಆಗ ಮೂಕಿ ಚಿತ್ರ. ಪರದೆ ಪಕ್ಕ ಒಬ್ಬ ಕೋಲು ಹಿಡ್ಕೊಂಡು ನಿಂತು ಕಥೆ ಹೇಳೋನು. ಚಿತ್ರಕ್ಕೆ ಮಾತು ಬಂದ ಮೇಲೆ ಅವನ ಮಾತು ನಿಂತುಹೋಯ್ತು. ಅಜ್ಜ ಅವನನ್ನ ಬಿಡಲಿಲ್ಲ, ಗೇಟಿಗೆ ಹಾಕಿದ್ರು. ಸಾಯೋವರೆಗೂ ಟಿಕೆಟ್ ಹರೀತಾ ಒಳಗೆ ಹೋಗೋರಿಗೆಲ್ಲ ಅರ್ಧ ಕಥೆ ಹೇಳಿಬಿಡ್ತಿದ್ದನಂತೆ."

ಇನ್‌ಸ್ಪೆಕ್ಟರ್ ನಕ್ಕರು. ಆ ವಾರದಲ್ಲಿ ಅದು ಮೊದಲ ನಗು.

"ನಮ್ಮಪ್ಪನ ಕಾಲದಲ್ಲಿ ನದಿ ಉಕ್ಕಿ ಈ ಓಣಿಯವರೆಲ್ಲ ಒಂಬತ್ತು ದಿನ ಇಲ್ಲೇ ಮಲಗಿದ್ರು. ಮಕ್ಕಳು ಅಳಬಾರದು ಅಂತ ಅಪ್ಪ ದಿನಾ ಸಂಜೆ ಸಿನಿಮಾ ಹಾಕೋರು. ಇದ್ದದ್ದು ಒಂದೇ ಸಿನಿಮಾ. ಆ ಮಕ್ಕಳಿಗೆ ಈಗಲೂ ಅದರ ಮಾತೆಲ್ಲ ಬಾಯಿಪಾಠ. ಈಗ ಒಂದು ಶೋಗೆ ನಲವತ್ತು ಜನ ಬಂದ್ರೆ ಹಬ್ಬ."

"ಇವತ್ತು ಏನು ವಿಶೇಷ ಇತ್ತು?"

"ಹಳೇ ಕಟ್ಟಡಗಳ ಸಮಿತಿಯವರು ನಾಲ್ಕು ಗಂಟೆಗೆ ಬರ್ತಾರೆ. ಹಳೇ ಮಷಿನ್ ಮೇಲೆ, ರೀಲಿನ ಸಿನಿಮಾ, ಜನರ ಮುಂದೆ ಓಡಬೇಕು. ಓಡಿದ್ರೆ ಇದು ಬದುಕಿರೋ ಥಿಯೇಟರ್, ಯಾರೂ ಕೆಡವೋ ಹಾಗಿಲ್ಲ. ಓಡಲಿಲ್ಲ ಅಂದ್ರೆ ಬರೀ ನಾಲ್ಕು ಗೋಡೆ."

"ಇನ್ನೊಂದು ದಿನ ಬರೋಕೆ ಕೇಳಬಹುದಲ್ಲ."

"ಇನ್ನೊಂದು ದಿನ ಇಲ್ಲ. ಸಮಿತಿಯ ಅವಧಿ ಇವತ್ತಿಗೆ ಮುಗೀತು." ಯಜಮಾನಿ ದನಿ ತಗ್ಗಿಸಿದರು. "ಇದನ್ನ ಇಲ್ಲಿ ಯಾರಿಗೂ ಹೇಳಿಲ್ಲ, ಮೇಡಂ. ಇದೇ ಕೊನೇ ಸಲ ಅಂತ ಗೊತ್ತಾದ್ರೆ ಕೆಲಸ ಮಾಡೋರ ಕೈ ನಡುಗ್ತಾವೆ."

"ಹಾಲಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ. ಆಪರೇಟರ್ ಅಣ್ಣನ ಹತ್ರ. ಗುಡಿಸೋ ಅಕ್ಕನ ಹತ್ರ." ಸ್ವಲ್ಪ ತಡೆದು, "ನನ್ನ ತಮ್ಮನ ಹತ್ರ."

ಆ ತಡೆದದ್ದರಲ್ಲೇ ಅರ್ಧ ಕಥೆ ಇತ್ತು. ಉಳಿದರ್ಧ ಪೇದೆಗೆ ಗೊತ್ತಿತ್ತು. ಆಸ್ತಿ ಇಬ್ಬರ ಹೆಸರಿನಲ್ಲಿದೆ. ಯಜಮಾನಿ ಏರಿಗೆ ಎಳೆದರೆ ತಮ್ಮ ನೀರಿಗೆ ಎಳೆಯುವವನು. ನಿನ್ನೆ ಇದೇ ಕೋಣೆಯಲ್ಲಿ ನಿಂತು, ನಾಳೆ ನಿನ್ನ ಸಿನಿಮಾ ಹೇಗೆ ಓಡುತ್ತೋ ನೋಡ್ತೀನಿ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿ ಹೋಗಿದ್ದ.

* * *

ತಮ್ಮ ಹೊರಗೆ ಪೋಸ್ಟರ್ ಹಲಗೆಯ ಕೆಳಗೆ ನಿಂತು ಸಿಗರೇಟು ಸೇದುತ್ತಿದ್ದ. ಚೂಪು ಮೂತಿಯ ಬೂಟು.

"ಬೆಳಗ್ಗೆ ಎಲ್ಲಿದ್ರಿ?"

"ಮನೇಲಿ."

"ಪರದೆ ಹಿಂದೆ ಬರೀ ಧೂಳು," ಎಂದರು ಇನ್‌ಸ್ಪೆಕ್ಟರ್. "ನನ್ನ ಮಂಡಿ ನೋಡಿ, ಹೇಗಾಗಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ತಮ್ಮನ ಕೈ ತನಗೆ ತಾನೇ ಹೋಗಿ ತನ್ನ ಪ್ಯಾಂಟಿನ ಮಂಡಿ ಒರೆಸಿತು. ಒರೆಸಿದ ಮೇಲೆ ಅವನಿಗೇ ಅರ್ಥವಾಯಿತು. ಸಿಗರೇಟು ಬಿಸಾಡಿದ.

"ಏಳೂವರೆಗೆ ಬಂದಿದ್ದೆ. ಟೇಪು ಹಿಡಿದು ಗೋಡೆ ಅಳೆಯೋಕೆ. ಕೊಳ್ಳೋರು ಅಳತೆ ಕೇಳಿದ್ರು."

"ಪರದೆ?"

"ಆಗಲೇ ಹಾಗೇ ನೇತಾಡ್ತಿತ್ತು."

"ನಿಮ್ಮ ಅಕ್ಕನಿಗೆ ಹೇಳಲಿಲ್ಲ."

"ಇಲ್ಲ." ಅವನು ರಸ್ತೆಯ ಕಡೆ ನೋಡಿದ. "ಒಳ್ಳೇದೇ ಆಯ್ತು ಅನ್ನಿಸ್ತು, ಸುಮ್ಮನೆ ಬಂದೆ. ಸುಳ್ಳು ಯಾಕೆ ಹೇಳಲಿ. ಈ ಥಿಯೇಟರ್ ನಮ್ಮಪ್ಪನ್ನ ತಿಂತು, ಈಗ ಅಕ್ಕನ್ನ ತಿಂತಾ ಇದೆ. ಅವಳು ಒಂದು ದಿನ ನೆಟ್ಟಗೆ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತೋ."

ಪೇದೆ ಕೈಕೋಳದ ಮೇಲೆ ಕೈಯಿಟ್ಟ. ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಾಡಿಸಿದರು. ಆ ಮನುಷ್ಯ ಎರಡು ನಿಮಿಷ ಒಂದೆಡೆ ನಿಲ್ಲಲಾರದೆ ಚಡಪಡಿಸುತ್ತಿದ್ದ. ಹದಿನಾಲ್ಕು ಅಡಿ ಹೊಲಿಗೆ ಬಿಚ್ಚುವ ತಾಳ್ಮೆ ಅವನ ಮೈಯಲ್ಲಿ ಎಲ್ಲೂ ಕಾಣಲಿಲ್ಲ.

* * *

ಕ್ಯಾಬಿನ್ನಿಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಇನ್‌ಸ್ಪೆಕ್ಟರ್ ಒಬ್ಬರೇ ಹತ್ತಿದರು. ಪ್ರತಿ ಮೆಟ್ಟಿಲಿಗೂ ಬೂಟಿನೊಳಗೆ ಹಿಮ್ಮಡಿ ಉರಿಯುತ್ತಿತ್ತು.

ಒಳಗೆ ಎರಡು ದೊಡ್ಡ ಮಷಿನ್‌ಗಳು ಅಕ್ಕಪಕ್ಕ ನಿಂತಿದ್ದವು. ಮೂಲೆಯಲ್ಲಿ ಹೊಸ ಡಿಜಿಟಲ್ ಪೆಟ್ಟಿಗೆ. ಮೇಜಿನ ಮುಂದೆ ಆಪರೇಟರ್ ಕೂತಿದ್ದರು. ಎಪ್ಪತ್ತು ವರ್ಷ, ಅದರಲ್ಲಿ ನಲವತ್ತೆರಡು ಈ ಕೋಣೆಯಲ್ಲೇ. ಹಿಂದೆ ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದ ಮನುಷ್ಯ. ಕಡ್ಡಿ ಹೋಗಿ ಬಲ್ಬು ಬಂದರೂ ಓಣಿಯವರು ಕಾರ್ಬನ್ ತಾತ ಎಂದು ಕರೆಯುವುದು ಬಿಟ್ಟಿರಲಿಲ್ಲ. ಯಜಮಾನಿ ಮಾತ್ರ ಹತ್ತು ವರ್ಷದವಳಿದ್ದಾಗಿನಿಂದ ಅಣ್ಣ ಎನ್ನುತ್ತಿದ್ದರು.

"ಗುಡಿಸೋದು ಆಮೇಲೆ ಕಣಕ್ಕ," ಎಂದರು ತಾತ. "ರೀಲು ತೆಗೆದಿಟ್ಟಿದ್ದೀನಿ, ಧೂಳೆಬ್ಬಿಸಬೇಡ."

"ನಾನು ಪೊಲೀಸು."

"ಅಯ್ಯೋ, ತಪ್ಪು ತಿಳೀಬೇಡಿ ತಾಯಿ. ಬೆಳಕಿಗೆ ಬೆನ್ನು ಮಾಡಿ ನಿಂತಿದ್ದೀರಿ, ಗುರುತು ಸಿಗಲಿಲ್ಲ. ಬನ್ನಿ, ಆ ಸ್ಟೂಲು ಎಳ್ಕೊಳ್ಳಿ."

ಸ್ಟೂಲು ಸಿಕ್ಕಿದ್ದೇ ಸಾಕಾಗಿತ್ತು. ತಾತ ಮಾತಾಡುತ್ತಲೇ ಫಿಲ್ಮಿನ ಒಂದು ತುದಿ ಹಿಡಿದು ಅಂಚಿನ ತೂತುಗಳ ಮೇಲೆ ಉಗುರು ಓಡಿಸಿದರು. ಬ್ಲೇಡಿನಿಂದ ಕೊಯ್ದರು. ಇನ್ನೊಂದು ತುದಿಗೆ ಅಂಟಿಸಿದರು. ಕಣ್ಣು ಕೆಲಸದ ಮೇಲಿರಲಿಲ್ಲ, ಇನ್‌ಸ್ಪೆಕ್ಟರ್ ಕೂತ ಕಡೆ ಇತ್ತು.

"ನೋಡದೇ ಕೊಯ್ತೀರಲ್ಲ."

"ನೋಡೋದೇನು ಇದರಲ್ಲಿ? ಒಂದೊಂದು ಫ್ರೇಮಿಗೆ ನಾಲ್ಕು ತೂತು. ನಾಲ್ಕು ಎಣಿಸಬೇಕು, ಕೊಯ್ಯಬೇಕು. ಮೂರಕ್ಕೆ ಕೊಯ್ದರೆ ಪರದೆ ಮೇಲೆ ಹೀರೋನ ಕಾಲು ಮೇಲೆ ಬಂದು ತಲೆ ಕೆಳಗೆ ಹೋಗುತ್ತೆ. ಜನ ಕುರ್ಚಿ ಮುರೀತಾರೆ." ತಾತ ನಕ್ಕರು. "ನನ್ನ ಹೆಂಡತಿ ಇದ್ದಾಗ ಬೈಯೋಳು. ಮೆಟ್ಟಿಲು ಹತ್ತುವಾಗ, ಬಟ್ಟೆ ಒಣಗಿಸುವಾಗ, ಎಲ್ಲಕ್ಕೂ ನಾಲ್ಕು ನಾಲ್ಕು ಎಣಿಸ್ತೀರಿ, ಹುಚ್ಚು ಅಂತ."

"ಎರಡು ಮಷಿನ್ ಯಾಕೆ?"

"ಒಂದು ರೀಲು ಹತ್ತು ನಿಮಿಷ ಓಡುತ್ತೆ. ಮುಗಿಯೋ ಹೊತ್ತಿಗೆ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತೆ. ಕಣ್ಣು ಮಿಟುಕಿಸೋದ್ರಲ್ಲಿ ಹೋಗುತ್ತೆ. ಆಗ ಎರಡನೇ ಮಷಿನ್ ಓಡಿಸಬೇಕು. ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಇದರ ಬೆಳಕು ಮುಚ್ಚಿ ಅದರದ್ದು ತೆಗೀಬೇಕು. ಕೆಳಗೆ ಕೂತವರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಆಪರೇಟರ್ ಕೆಲಸ ಕೆಡಿಸಿದ ಅಂತ ಅರ್ಥ."

"ಬೇರೆ ಯಾರಿಗೆ ಬರುತ್ತೆ ಈ ಕೆಲಸ?"

"ಈ ಊರಲ್ಲಾ? ಯಾರಿಗೂ ಬರಲ್ಲ." ಅದರಲ್ಲಿ ಹೆಮ್ಮೆ ಇರಲಿಲ್ಲ, ಸುಸ್ತು ಇತ್ತು. ಅಂಟಿಸಿದ ಜಾಗವನ್ನು ಒತ್ತಿ ಹಿಡಿದು ತಾತನೇ ಕೇಳಿದರು. "ಪರದೆ ಹೀಗಾಯ್ತಲ್ಲ. ಸಮಿತಿಯವರು ಮುಂದಿನ ತಿಂಗಳು ಬರ್ತಾರಂತಾ?"

ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಎದ್ದರು. ಮೆಟ್ಟಿಲಿಳಿದು ಕೆಳಗಿನ ಕೊನೆಯ ಮೆಟ್ಟಿಲ ಮೇಲೆ ಕೂತರು. ಲಕೋಟೆಯಿಂದ ಒಂದು ದಾರದ ತುಂಡು ತೆಗೆದು ಬಿಸಿಲಿಗೆ ಹಿಡಿದರು. ಎಷ್ಟೋ ವರ್ಷ ಬಟ್ಟೆಯೊಳಗೆ ಇದ್ದ ದಾರ, ಹೊಲಿಗೆಯ ಅಂಕುಡೊಂಕು ಹಾಗೇ ಉಳಿದಿತ್ತು. ಎಣಿಸಿದರು. ಇನ್ನೊಂದು ತೆಗೆದರು. ಅದನ್ನೂ ಎಣಿಸಿದರು. ಹನ್ನೊಂದನೆಯದಕ್ಕೆ ಸಾಕೆನಿಸಿತು.

ಅವರಿಗೆ ಖುಷಿಯಾಗಲಿಲ್ಲ. ಆ ಸಿಗರೇಟಿನ ತಮ್ಮನೇ ಕಳ್ಳನಾಗಿದ್ದರೆ ಎಷ್ಟು ಸಲೀಸಿತ್ತು ಎಂದುಕೊಂಡರು.

* * *

ಹನ್ನೆರಡು ಗಂಟೆಗೆ ಎಲ್ಲರನ್ನೂ ಹಾಲಿಗೆ ಕರೆಸಿದರು. ಯಜಮಾನಿ, ಅವರ ತಮ್ಮ, ಗುಡಿಸುವ ಅಕ್ಕ, ತಾತ. ತಾತ ಕುರ್ಚಿಗಳ ಬೆನ್ನು ಒಂದೊಂದಾಗಿ ಮುಟ್ಟುತ್ತ ಬಂದು ಕೂತರು.

"ಮೊದಲು ಒಂದು ಸಮಾಧಾನದ ಮಾತು," ಎಂದರು ಇನ್‌ಸ್ಪೆಕ್ಟರ್. "ಪರದೆ ಹರಿದಿಲ್ಲ. ಬಟ್ಟೆಯ ಪಟ್ಟಿಗಳನ್ನ ಸೇರಿಸಿ ಹೊಲಿದು ಮೇಲೆ ಸುಣ್ಣದ ಹಾಗೆ ಬಣ್ಣ ಬಳಿದಿದ್ದಾರೆ. ಆ ಹೊಲಿಗೆ ಬಿಚ್ಚಿದ್ದಾರೆ, ಅಷ್ಟೆ. ಬಟ್ಟೆಗೆ ಒಂದು ಗೀರೂ ಬಿದ್ದಿಲ್ಲ."

ಯಜಮಾನಿ ಎದ್ದು ನಿಂತರು. ಮತ್ತೆ ಕೂತರು.

"ಕೆಡಿಸೋಕೆ ಬಂದವನು ಚಾಕು ಹಾಕಿ ಎಳೀತಾನೆ. ಎರಡು ನಿಮಿಷದ ಕೆಲಸ. ಇವರು ಏಣಿ ಮೇಲೆ ನಿಂತು ಎಂಬತ್ತು ಸಲ ದಾರ ಕೊಯ್ದಿದ್ದಾರೆ. ಕೊಯ್ದು ಏಣಿಯನ್ನ ಅದರ ಜಾಗದಲ್ಲೇ ಇಟ್ಟಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅನ್ನೋ ಕೆಲಸ. ಇವತ್ತಿನ ಶೋ ನಿಲ್ಲಬೇಕು, ಪರದೆ ಉಳೀಬೇಕು. ಅಲ್ಲಿಗೆ ಮಾರೋಕೆ ಹೊರಟವರು ಯಾರೂ ಅಲ್ಲ."

ಯಜಮಾನಿಯ ತಮ್ಮ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಹಿಂದೆ ಬಲ್ಬು ಹೋಗಿ ನಾಲ್ಕು ದಿನ. ಒಂದು ಕೈಗೆ ಬ್ಲೇಡು, ಒಂದು ಕೈಗೆ ಹೊಲಿಗೆ. ಟಾರ್ಚು ಹಿಡಿಯೋಕೆ ಮೂರನೇ ಕೈ ಬೇಕು. ಬಣ್ಣದ ಕೆಳಗಿನ ಹೊಲಿಗೆ ಕಣ್ಣಿಗಂತೂ ಕಾಣಲ್ಲ, ಬೆರಳಿಗೆ ಸಿಗುತ್ತೆ. ಹಾಗಾದ್ರೆ ಕತ್ತಲು ಯಾರಿಗೆ ಅಡ್ಡಿ ಆಗಲ್ಲವೋ ಅವರ ಕೆಲಸ." ಅಂಗೈ ಮೇಲೆ ದಾರದ ತುಂಡುಗಳನ್ನು ಸುರಿದುಕೊಂಡರು. "ಇವನ್ನ ಎಣಿಸಿ ನೋಡಿ. ಒಂದೊಂದ್ರಲ್ಲೂ ನಾಲ್ಕು ಹೊಲಿಗೆ. ಮೂರಲ್ಲ, ಐದಲ್ಲ. ದರ್ಜಿ ಹೀಗೆ ಬಿಚ್ಚಲ್ಲ, ಕಳ್ಳ ಹೀಗೆ ಬಿಚ್ಚಲ್ಲ. ನಾಲ್ಕು ಎಣಿಸದೆ ಬ್ಲೇಡು ಇಡೋಕೆ ಬಾರದ ಕೈ ಒಂದೇ ಒಂದು ಇರೋದು ಇಲ್ಲಿ. ನಾನು ಬಾಗಿಲಲ್ಲಿ ಖಾಕಿ ಹಾಕ್ಕೊಂಡು ನಿಂತರೂ, ಗುಡಿಸೋದು ಆಮೇಲೆ ಕಣಕ್ಕ ಅಂದವರು ಅವರೇ."

"ಸಾಕು ತಾಯಿ," ಎಂದರು ತಾತ. "ನಾನೇ."

ತಾತ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು.

"ಎರಡೂ ಕಣ್ಣಿಗೆ ಪೊರೆ ಬಂದಿದೆ. ವರ್ಷ ಆಯ್ತು. ಆಕಾರ ಕಾಣುತ್ತೆ, ಮುಖ ಕಾಣಲ್ಲ. ಹೊಸ ಪೆಟ್ಟಿಗೆಗೆ ಕಣ್ಣು ಬೇಡ, ಗುಂಡಿ ಒತ್ತಿದ್ರೆ ಆಯ್ತು, ಹಾಗೇ ದೂಡಿದೆ. ಈಗ ಹಳೇ ಮಷಿನ್ ಓಡಿಸ್ಬೇಕು ಅಂದ್ರು, ಅದಕ್ಕೆ ಕಣ್ಣು ಬೇಕು. ಚುಕ್ಕೆ ನನಗೆ ಕಾಣಲ್ಲ. ಹೇಳೋಣ ಅಂದ್ರೆ ಬೇರೆ ಆಪರೇಟರ್ ಇಲ್ಲ. ಉಗುಳೋಕೂ ಆಗದು, ನುಂಗೋಕೂ ಆಗದು. ಸೋಮವಾರ ಆಪರೇಷನ್ ಇದೆ. ಇವತ್ತೊಂದು ದಿನ ತಪ್ಪಿದ್ರೆ ಮುಂದಿನ ತಿಂಗಳು ಅವರು ಬರೋ ಹೊತ್ತಿಗೆ ಕಣ್ಣು ಬಂದಿರುತ್ತೆ ಅಂತ ಲೆಕ್ಕ ಹಾಕಿದೆ."

"ಮುಂದಿನ ತಿಂಗಳು ಇಲ್ಲ ಅಣ್ಣ," ಎಂದರು ಯಜಮಾನಿ. "ಇವತ್ತೇ ಕೊನೆ. ನಾನು ನಿಮಗೆ ಹೇಳಲಿಲ್ಲ."

 ತಾನು ಬಿಚ್ಚಿದ್ದು ಏನನ್ನು ಎಂಬುದು ಆಗ ತಾತನಿಗೆ ಅರ್ಥವಾಯಿತು. ಕೈಗಳೆರಡನ್ನೂ ಮುಂದೆ ಚಾಚಿದರು. "ಕರ್ಕೊಂಡು ಹೋಗಿ ತಾಯಿ."

"ಕಂಪ್ಲೇಂಟು ಕೊಟ್ಟವರು ಹೇಳಬೇಕು," ಎಂದು ಇನ್‌ಸ್ಪೆಕ್ಟರ್ ಯಜಮಾನಿಯ ಕಡೆ ತಿರುಗಿದರು.

ಯಜಮಾನಿಗೆ ಕೋಪ ಬಂದಿತ್ತು.  "ನಲವತ್ತೆರಡು ವರ್ಷ. ಒಂದು ಮಾತು ನನಗೆ ಹೇಳೋಕಾಗಲಿಲ್ಲ ನಿಮಗೆ." ತಾತ ತಲೆ ತಗ್ಗಿಸಿದರು. ಆಕೆ ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂಕಾಲು. "ಕಂಪ್ಲೇಂಟು ವಾಪಸ್ ತಗೋತೀನಿ, ಮೇಡಂ. ಅಕ್ಕಾ, ದಬ್ಬಳ ತಗೊಂಡು ಬಾ. ಅಣ್ಣ, ಮೇಲೆ ನಡೀರಿ. ಆ ಚುಕ್ಕೆ ಎಲ್ಲಿ ಬರುತ್ತೆ ಅಂತ ನನಗೆ ತೋರಿಸಿ."

* * *

ನಾಲ್ಕಕ್ಕೆ ಸಮಿತಿಯ ಐದು ಜನ ಬಂದರು. ಅವರ ಹಿಂದೆ ಓಣಿಯ ನೂರು ನೂರಿಪ್ಪತ್ತು ಜನ. ಯಜಮಾನಿಯ ತಮ್ಮ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತ. ಹೊಲಿಗೆ ಹಾಕಿ ಬಣ್ಣ ಬಳಿದ ಗೆರೆ ಇನ್ನೂ ಹಸಿಯಾಗಿತ್ತು.

ಇನ್‌ಸ್ಪೆಕ್ಟರ್ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಕ್ಯಾಬಿನ್ನಿನ ಬಾಗಿಲಿಗೆ ಒರಗಿ ನಿಂತರು.

ತಾತ ಎರಡು ಮಷಿನ್‌ಗಳ ನಡುವೆ ನಿಂತಿದ್ದರು, ಎರಡರ ಮೇಲೂ ಒಂದೊಂದು ಕೈ. ಯಜಮಾನಿ ಗೋಡೆಯ ಕಿಂಡಿಗೆ ಕಣ್ಣಿಟ್ಟಿದ್ದರು. "ಸ್ವಲ್ಪ ಮಸುಕು," ಎಂದರು. ತಾತ ತಿರುಪು ತಿರುಗಿಸಿದರು. "ಹಾಂ, ಸರಿಯಾಯ್ತು."

ಹತ್ತು ನಿಮಿಷ. "ಚುಕ್ಕೆ." ಎರಡನೇ ಮಷಿನ್ ಗರಗರ ಎಂದಿತು. "ಈಗ." ತಾತನ ಎರಡು ಕೈ ಒಟ್ಟಿಗೆ ಆಡಿದವು. ಕೆಳಗೆ ಹಾಡು ತುಂಡಾಗದೆ ಮುಂದುವರಿಯಿತು. ಎರಡನೆಯ ಬದಲಾವಣೆಯೂ ಹಾಗೇ ಆಯಿತು.

ಮೂರನೆಯದಕ್ಕೆ ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. ಹೊತ್ತಾಗಿತ್ತು. ಯಜಮಾನಿ ಏನೂ ಹೇಳುತ್ತಿಲ್ಲ. ಕಿಂಡಿಗೆ ಹಣೆ ಒತ್ತಿ ನಿಂತಿದ್ದರು, ಭುಜ ಅಲುಗುತ್ತಿತ್ತು. ಇನ್‌ಸ್ಪೆಕ್ಟರ್ ಬಾಯಿ ತೆರೆದರು. ಅಷ್ಟರಲ್ಲಿ ಎರಡನೇ ಮಷಿನ್ ಓಡತೊಡಗಿತ್ತು. ತಾತ ತಲೆ ಒಂದು ಕಡೆ ವಾಲಿಸಿ ಖಾಲಿಯಾಗುತ್ತಿದ್ದ ರೀಲಿನ ಸದ್ದಿಗೆ ಕಿವಿಗೊಟ್ಟಿದ್ದರು. ತುಟಿ ಎಣಿಸುತ್ತಿತ್ತು. ಕೈ ಆಡಿತು. ಕೆಳಗೆ ಯಾರೂ ಕೂಗಲಿಲ್ಲ, ಸಿಳ್ಳೆ ಹಾಕಲಿಲ್ಲ.

ಏಳು ರೀಲು ಮುಗಿದು ಮಧ್ಯಂತರ ಬಂತು. ಸಮಿತಿಯ ಅಧ್ಯಕ್ಷರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮಷಿನ್ ನೋಡಿದರು, ಕಾಗದ ತೆಗೆದು ಅದರ ಮೇಲೇ ಇಟ್ಟು ಸಹಿ ಹಾಕಿದರು. "ಚೆನ್ನಾಗಿ ಓಡ್ತು. ಇಷ್ಟೂ ಒಂದೇ ರೀಲಾ?" ಎಂದು ಕೇಳಿದರು.

"ಏಳು," ಎಂದರು ತಾತ.

ಅಧ್ಯಕ್ಷರು ಇಳಿದು ಹೋದರು. ಯಜಮಾನಿ ಆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ, "ಮೂರನೇ ಸಲ ನಾನು ಹೇಳಲೇ ಇಲ್ಲವಲ್ಲ," ಎಂದರು.

"ನೀವು ಅಳ್ತಿದ್ರಿ. ಕೇಳಿಸ್ತು. ನಾನೇ ಎಣಿಸ್ಕೊಂಡೆ."

ಇನ್‌ಸ್ಪೆಕ್ಟರಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಕಣ್ಣಿಲ್ಲದೇನೂ ನಿಮಗೆ ಬರ್ತಿತ್ತು. ಮತ್ತೆ ಯಾಕೆ ಬಿಚ್ಚಿದ್ರಿ?"

ತಾತ ಮಷಿನ್ನಿನ ಮೇಲೆ ಅಂಗೈ ಆಡಿಸಿದರು.

"ಹೆದರಿಬಿಟ್ಟೆ," ಎಂದರು. "ಇದು ನನ್ನ ಕೈಯಿಂದ ಹೋಯ್ತು ಅಂತ ಆಗಬಾರದಿತ್ತು."

"ನಾನೂ ಹೆದರಿಯೇ ಹೇಳಲಿಲ್ಲ ಅಣ್ಣ," ಎಂದರು ಯಜಮಾನಿ.

ಕೆಳಗೆ ಬೆಲ್ಲು ಹೊಡೆಯಿತು. ಇಬ್ಬರೂ ಎಂಟನೆಯ ರೀಲು ಏರಿಸಿದರು.